ವಾಸನೆ ಬಂದರೆ ಒಂದು ಭಯ, ಬಾರದಿದ್ದರೆ ಇನ್ನೊಂದು!

ಚಿಕ್ಕಲಸಂದ್ರ: ನಲ್ಲಿಯಲ್ಲಿ ಕಾವೇರಿ ಬಂದ ದಿನ ಈ ಬಡಾವಣೆಯಲ್ಲಿ ಮೊದಲು ಕೆಲಸ ಮಾಡುವುದು ಮೂಗು. ಸಂಪಿನ ಮುಚ್ಚಳ ಎತ್ತಿದರೆ ಕೆಲವು ದಿನ ಏನೂ ಇಲ್ಲ. ಕೆಲವು ದಿನ ಗಪ್ಪೆಂದು ಬ್ಲೀಚಿಂಗ್ ಪೌಡರ್ ವಾಸನೆ. ಅಂದು ಕಾಫಿ ಕೆಟ್ಟಿತು, ಅನ್ನಕ್ಕೂ ಅದೇ ಘಾಟು. ಹೋಟೆಲಿನವರು ಮೇಜಿನ ಮೇಲೆ ಲೋಟ ಇಟ್ಟರೆ ಗಿರಾಕಿ ಮೂಸಿ ನೋಡಿ ಪಕ್ಕಕ್ಕೆ ಸರಿಸುತ್ತಾರೆ. “ಬಾಟಲಿ ಕೊಡಪ್ಪ” ಎನ್ನುತ್ತಾರೆ.

ಬಸ್ ಕಾಯುವ ಜಾಗದಲ್ಲಿ ಇದೇ ಮಾತು ಹೀಗೆ ಮುಂದುವರಿಯುತ್ತದೆ:

“ಏನ್ ಸಾರ್, ಇವತ್ತು ನೀರು ಬಾಯಿಗಿಡೋ ಹಂಗೇ ಇಲ್ಲ. ಬರೀ ಬ್ಲೀಚಿಂಗು!”

“ಅದನ್ನ ಕುಡಿದ್ರೆ ಕ್ಯಾನ್ಸರ್ ಬರುತ್ತಂತೆ ಕಣ್ರೀ. ನಾವು ಮನೇಲಿ ಬೋರ್ ನೀರಿಗೇ ಇಳಿದುಬಿಟ್ಟಿದೀವಿ.”

“ಬೋರ್ ನೀರಿಂದ ಮಗೂಗೆ ವಾಂತಿ ಭೇದಿ ಹತ್ಕೊಂಡ್ರೆ ಏನ್ ಮಾಡ್ತೀರಾ?”

ಅಷ್ಟರಲ್ಲಿ ಉತ್ತರಹಳ್ಳಿ ಕಡೆಯಿಂದ ಬಸ್ ಬರುತ್ತದೆ. ಪ್ರಶ್ನೆ ರಸ್ತೆಯಲ್ಲೇ ಉಳಿಯುತ್ತದೆ.

ಪ್ರಶ್ನೆ ಚಿಕ್ಕದಲ್ಲ. ಕ್ಲೋರಿನ್ ಹಾಕಿದ ನೀರಿನಲ್ಲಿ ಕ್ಯಾನ್ಸರಿನ ಸಂಶಯಕ್ಕೆ ಗುರಿಯಾದ ವಸ್ತುಗಳು ಹುಟ್ಟುತ್ತವೆ ಎಂಬುದು ನಿಜ. ಕ್ಲೋರಿನ್ ಇಲ್ಲದ ನೀರು ಜನರನ್ನು ಕೊಂದಿದೆ ಎಂಬುದೂ ನಿಜ. ಒಂದು ನಿಜ ಹಿಡಿದುಕೊಂಡು ಇನ್ನೊಂದನ್ನು ಬಿಟ್ಟರೆ ಮನೆಯವರಿಗೆ ಅಪಾಯ. ಹಾಗಾದರೆ ಶ್ರೀಸಾಮಾನ್ಯ ಮಾಡಬೇಕಾದ್ದೇನು?

ಹೆಸರಲ್ಲೇ ಸಮುದ್ರ!

ಚಿಕ್ಕಲಸಂದ್ರದ ‘ಸಂದ್ರ’ ಎಂದರೆ ‘ಸಮುದ್ರ’ ಎನ್ನುತ್ತಾರೆ ಹಿರಿಯರು. ಸಮುದ್ರವೆಂದರೆ ಇಲ್ಲಿ ಕೆರೆ. ಬೆಂಗಳೂರಿನ ಸುತ್ತ ಸಂದ್ರ ಎಂದು ಮುಗಿಯುವ ಹಳ್ಳಿಗಳು ಹತ್ತಾರು. ಕೆರೆಯ ಹೆಸರಿನಲ್ಲೇ ಊರು ಕಟ್ಟಿಕೊಂಡ ಜನರ ಮೊಮ್ಮಕ್ಕಳು ಇಂದು ನೀರಿಗಾಗಿ ಮೂರು ಕಡೆ ಕೈ ಚಾಚುತ್ತಾರೆ: ಜಲಮಂಡಲಿಯ ನಲ್ಲಿ, ಮನೆಯ ಬೋರ್‌ವೆಲ್, ಇಲ್ಲವೇ ಟ್ಯಾಂಕರ್. ಎಷ್ಟೋ ಮನೆಗಳಲ್ಲಿ ಮೂರೂ ಒಂದೇ ಸಂಪಿಗೆ ಬಂದು ಬೀಳುತ್ತವೆ. ಕಥೆಯ ಗಂಟು ಇರುವುದು ಇಲ್ಲೇ.

ಬೆಂಗಳೂರಿಗೆ ಕೊಳವೆ ನೀರು ಬಂದದ್ದು 1896ರಲ್ಲಿ, ಹೆಸರಘಟ್ಟದಿಂದ. 1933ರಲ್ಲಿ ತಿಪ್ಪಗೊಂಡನಹಳ್ಳಿ ಸೇರಿಕೊಂಡಿತು. 1964ರಲ್ಲಿ ಜಲಮಂಡಲಿ ಹುಟ್ಟಿತು. 1974ರಲ್ಲಿ ಮೊದಲ ಹಂತದ ಕಾವೇರಿ ಬಂತು. ಐದನೆಯ ಹಂತಕ್ಕೆ 2024ರ ಅಕ್ಟೋಬರಿನಲ್ಲಿ ಚಾಲನೆ ಸಿಕ್ಕಿತು, ದಿನಕ್ಕೆ 77.5 ಕೋಟಿ ಲೀಟರ್ ಅದರ ಗಾತ್ರ.

ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ನದಿ ನೀರಿನ ಕೆಸರು ಇಳಿಸಿ, ಸೋಸಿ, ಕ್ಲೋರಿನ್ ಸೇರಿಸುತ್ತಾರೆ. ಅಲ್ಲಿಂದ ಹಾರೋಹಳ್ಳಿ, ಅಲ್ಲಿಂದ ಕನಕಪುರ ರಸ್ತೆಯ ತಾತಗುಣಿ, ಅಲ್ಲಿಂದ ನಗರ. ಹತ್ತಿರ ಹತ್ತಿರ 100 ಕಿ.ಮೀ. ದೂರ, ಸುಮಾರು ಅರ್ಧ ಕಿ.ಮೀ. ಎತ್ತರ. ಇಷ್ಟು ದೂರ ಪೈಪಿನೊಳಗೆ ನಡೆದು ಬಂದ ನೀರು ಆಮೇಲೆ ಬೀದಿ ಕೊಳವೆಗಿಳಿದು, ಮನೆಯ ಸಂಪಿನಲ್ಲಿ ದಿನಗಟ್ಟಲೆ ನಿಲ್ಲುತ್ತದೆ. ದಾರಿಯುದ್ದಕ್ಕೂ ಅದಕ್ಕೊಬ್ಬ ಕಾವಲುಗಾರ ಬೇಕು. ಆ ಕಾವಲುಗಾರನೇ ಕ್ಲೋರಿನ್.

ಕಾವಲುಗಾರನಿಲ್ಲದ ದಿನ

1908ರಲ್ಲಿ ಅಮೆರಿಕದ ಜರ್ಸಿ ಸಿಟಿಯಲ್ಲಿ ಊರಿನ ನೀರಿಗೆ ನಿತ್ಯವೂ ಕ್ಲೋರಿನ್ ಬೆರೆಸುವ ಪದ್ಧತಿ ಶುರುವಾಯಿತು. ಆಗಲೂ ಜನ “ನಮ್ಮ ನೀರಿಗೆ ವಿಷ ಹಾಕುತ್ತಾರೆ” ಎಂದು ಹೆದರಿದ್ದರು. ಸಂಗತಿ ಕೋರ್ಟಿನವರೆಗೂ ಹೋಯಿತು. ಮುಂದಿನ ವರ್ಷಗಳಲ್ಲಿ ಊರೂರುಗಳು ಅದೇ ದಾರಿ ಹಿಡಿದವು. ನೀರು ಸೋಸುವುದು, ಕ್ಲೋರಿನ್ ಹಾಕುವುದು, ಈ ಎರಡೂ ಸೇರಿ ಟೈಫಾಯ್ಡ್, ಕಾಲರಾಗಳ ಹಲ್ಲು ಕಿತ್ತವು.

ಹಳೆಯ ಕಥೆ ಬೇಡವೆನ್ನುವವರಿಗೆ ನಮ್ಮ ರಾಜ್ಯದ ಕಥೆಯೇ ಇದೆ. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನಲ್ಲಿ ನೀರು ಕುಡಿದು ಹಲವರು ಸತ್ತರು. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಅದೇ ಗೋಳು: ವಾಂತಿ ಭೇದಿಯಿಂದ ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು, ಕೆಲವರು ಮನೆಗೆ ವಾಪಸಾಗಲಿಲ್ಲ. 2024ರ ಏಪ್ರಿಲ್‌ನಲ್ಲಿ, ನೀರಿನ ಬರದ ನಡುವೆ, ಬೆಂಗಳೂರಿನಲ್ಲೇ ಕಾಲರಾ ಹೆಸರು ಮತ್ತೆ ಕೇಳಿಬಂತು. ಒಂದು ಹಾಸ್ಟೆಲಿನ ನಲವತ್ತಕ್ಕೂ ಹೆಚ್ಚು ವಿದ್ಯಾರ್ಥಿನಿಯರು ಆಸ್ಪತ್ರೆ ಸೇರಬೇಕಾಯಿತು.

ಕೆಟ್ಟ ನೀರಿನ ಕೆಲಸ ದಿನಗಳ ಲೆಕ್ಕದಲ್ಲಿ ನಡೆಯುತ್ತದೆ. ಇಂದು ಕುಡಿದರೆ ನಾಳೆಯೋ ನಾಡಿದ್ದೋ ಹಾಸಿಗೆ. ಸಣ್ಣ ಮಕ್ಕಳು, ಮುದುಕರಾದರೆ ಅಷ್ಟು ಹೊತ್ತೂ ಬೇಕಿಲ್ಲ. ಈ ಲೆಕ್ಕವನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಕ್ಯಾನ್ಸರಿನ ಮಾತಿಗೆ ಬರಬೇಕು.

1974ರ ಎರಡು ಸುದ್ದಿ

ಕಾವೇರಿ ಬೆಂಗಳೂರಿಗೆ ಬಂದ ಅದೇ 1974ರಲ್ಲಿ ದೂರದ ಹಾಲೆಂಡಿನಿಂದ ಇನ್ನೊಂದು ಸುದ್ದಿ ಹೊರಟಿತು. ರೋಟರ್‌ಡ್ಯಾಮ್ ನಗರದ ನೀರು ಸರಬರಾಜಿನ ರಸಾಯನ ತಜ್ಞ ಯೊಹಾನೆಸ್ ರೂಕ್ ಎಂಬವರು ನಲ್ಲಿ ನೀರಿನಲ್ಲಿ ಕ್ಲೋರೋಫಾರ್ಮ್ ಕಂಡರು. ನದಿ ನೀರಿನಲ್ಲಿ ಮೊದಲು ಅಷ್ಟಿರಲಿಲ್ಲ. ಕ್ಲೋರಿನ್ ಹಾಕಿದ ಮೇಲೆ ಹುಟ್ಟಿಕೊಂಡಿತ್ತು. ಅದೇ ವರ್ಷ ಅಮೆರಿಕದ ವಿಜ್ಞಾನಿಗಳೂ ಬೇರೆಯಾಗಿ ಇದನ್ನೇ ಕಂಡುಹಿಡಿದರು.

ಕ್ಲೋರೋಫಾರ್ಮ್ ಎಂದರೆ ಗೊತ್ತಲ್ಲ? ಹಳೆಯ ಸಿನಿಮಾಗಳಲ್ಲಿ ಖಳನಾಯಕ ಕರ್ಚೀಫಿಗೆ ಸುರಿದು ನಾಯಕಿಯ ಮೂಗಿಗೆ ಒತ್ತುವ ಅದೇ ವಸ್ತು. 1847ರಿಂದ ಆಪರೇಷನ್ ಮಾಡುವಾಗ ಮೂರ್ಛೆ ತರಿಸಲು ವೈದ್ಯರು ಬಳಸಿದ್ದೂ ಅದನ್ನೇ. ನಲ್ಲಿ ನೀರಿನಲ್ಲಿರುವುದು ಯಾರಿಗೂ ಮೂರ್ಛೆ ತರಿಸುವಷ್ಟಲ್ಲ, ಅದರ ಲಕ್ಷದಲ್ಲೊಂದು ಪಾಲೂ ಅಲ್ಲ. ಆದರೆ ದಿನವೂ, ಜೀವಮಾನವಿಡೀ ಕುಡಿದರೆ? ಅಲ್ಲಿಂದ ಶುರುವಾಯಿತು ಚಿಂತೆ. 1976ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಇಲಿಗಳ ಮೇಲೆ ನಡೆಸಿದ ಪರೀಕ್ಷೆ ಪ್ರಕಟವಾಯಿತು. ಭಾರಿ ಪ್ರಮಾಣದಲ್ಲಿ ಕ್ಲೋರೋಫಾರ್ಮ್ ತಿನ್ನಿಸಿದ ಇಲಿಗಳಿಗೆ ಕ್ಯಾನ್ಸರ್ ಬಂದಿತ್ತು.

ಇದು ಹುಟ್ಟುವ ಬಗೆ ಅರ್ಥವಾಗಲು ಟೀ ಅಂಗಡಿಗೆ ಹೋದರೆ ಸಾಕು. ಬಿಸಿನೀರಿಗೆ ಟೀ ಎಲೆ ಹಾಕಿದರೆ ಡಿಕಾಕ್ಷನ್ ಇಳಿಯುತ್ತದೆ. ಕೆರೆಗೆ, ನದಿಗೆ ಬಿದ್ದ ಎಲೆ, ಹುಲ್ಲು, ಪಾಚಿ ಕೊಳೆತಾಗಲೂ ಅಂಥದೇ ಒಂದು ತೆಳು ಕಷಾಯ ನೀರಿಗಿಳಿಯುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಕ್ಲೋರಿನ್ ಈ ಕಷಾಯದ ಜೊತೆ ಸೇರಿಕೊಂಡಾಗ ಹುಟ್ಟುವ ಕೂಸುಗಳಲ್ಲಿ ಕ್ಲೋರೋಫಾರ್ಮ್ ಒಂದು. ಅದರ ದಾಯಾದಿಗಳು ಇನ್ನೂ ಮೂರು. ನಾಲ್ಕಕ್ಕೂ ಸೇರಿ ಟ್ರೈಹ್ಯಾಲೋಮೀಥೇನ್ ಎಂದು ಹೆಸರು, ಚಿಕ್ಕದಾಗಿ ಟಿಎಚ್ಎಂ. ಹ್ಯಾಲೋಅಸಿಟಿಕ್ ಆಮ್ಲಗಳು ಎಂಬ ಇನ್ನೊಂದು ಬಳಗವೂ ಇದೆ.

ಕೊಳೆ ಹೆಚ್ಚಿದಷ್ಟೂ ಈ ಕೂಸುಗಳು ಹೆಚ್ಚು. ನೀರು ಬೆಚ್ಚಗಿದ್ದಷ್ಟೂ ಹೆಚ್ಚು. ಕ್ಲೋರಿನ್ ಮತ್ತು ಕೊಳೆ ಒಟ್ಟಿಗಿದ್ದ ಹೊತ್ತು ಬೆಳೆದಷ್ಟೂ ಹೆಚ್ಚು. ಅಂದರೆ ಕ್ಲೋರಿನ್ ಒಂದನ್ನೇ ದೂರಿ ಫಲವಿಲ್ಲ. ಜೊತೆಗೆ ಕೊಳೆ ಇಲ್ಲದಿದ್ದರೆ ಅದು ಈ ಕೇಡು ಮಾಡಲಾರದು.

ಎಷ್ಟಾದರೆ ಅಪಾಯ?

ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಇದೆ. 2012ರ ಪರಿಷ್ಕರಣೆಯ ಪ್ರಕಾರ ಲೀಟರಿಗೆ ಕ್ಲೋರೋಫಾರ್ಮ್ 0.2 ಮಿಲಿಗ್ರಾಂ ಮೀರಬಾರದು. ಇದೆಷ್ಟು? 5,000 ಲೀಟರಿನ ಸಂಪಿಗೆ ಒಂದು ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 0.3 ಮಿಲಿಗ್ರಾಂವರೆಗೆ ಒಪ್ಪುತ್ತದೆ. ಅಮೆರಿಕ ನಾಲ್ಕೂ ಟಿಎಚ್ಎಂಗಳ ಮೊತ್ತಕ್ಕೇ ಗೆರೆ ಎಳೆದಿದೆ: 1979ರಲ್ಲಿ 0.1 ಮಿಲಿಗ್ರಾಂ ಇದ್ದದ್ದು 1998ರಲ್ಲಿ 0.08ಕ್ಕೆ ಇಳಿಯಿತು. ಯುರೋಪಿನ ಒಕ್ಕೂಟದಲ್ಲಿ ಮೊತ್ತದ ಮಿತಿ 0.1. ಅಂದರೆ ನಮ್ಮಲ್ಲಿ ಪಾಸಾಗುವ ನೀರು ಅಲ್ಲಿ ಫೇಲಾಗುವ ಸಂಭವ ಉಂಟು.

ಮನುಷ್ಯರ ಮೇಲಿನ ಅಧ್ಯಯನಗಳು ಏನೆನ್ನುತ್ತವೆ? ಹೆಚ್ಚು ಬೆರಳು ತೋರಿಸುವುದು ಮೂತ್ರಕೋಶದ ಕ್ಯಾನ್ಸರಿನ ಕಡೆಗೆ. ಯುರೋಪಿನಲ್ಲಿ ವರ್ಷಕ್ಕೆ ಬರುವ ಮೂತ್ರಕೋಶದ ಕ್ಯಾನ್ಸರುಗಳಲ್ಲಿ ನೂರಕ್ಕೆ ಐದರಷ್ಟು, ಅಂದರೆ ಸುಮಾರು 6,500, ನಲ್ಲಿ ನೀರಿನ ಟಿಎಚ್ಎಂನಿಂದ ಇರಬಹುದು ಎಂದು 2020ರ ಒಂದು ಅಧ್ಯಯನ ಅಂದಾಜು ಮಾಡಿತು. 2025ರಲ್ಲಿ ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯವರು ಹಿಂದಿನ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದರು. ಅತಿ ಕಡಿಮೆ ಟಿಎಚ್ಎಂ ಕುಡಿದವರಲ್ಲಿ ಮೂವರಿಗೆ ಈ ಕಾಯಿಲೆ ಬಂದರೆ, ಅತಿ ಹೆಚ್ಚು ಕುಡಿದಷ್ಟೇ ಮಂದಿಯಲ್ಲಿ ನಾಲ್ವರಿಗೆ ಬಂದಿತ್ತು. ಲೀಟರಿಗೆ ಸುಮಾರು 0.04 ಮಿಲಿಗ್ರಾಂ ದಾಟಿದ ಮೇಲೆ ಸುಳಿವು ಕಾಣತೊಡಗುತ್ತದೆ ಎಂದೂ ಅವರು ಹೇಳಿದರು. ಇದು ಅಮೆರಿಕದ ಗೆರೆಗಿಂತಲೂ ಕೆಳಗೆ.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಇದೇ ಕ್ಯಾನ್ಸರಿಗೆ ಬೀಡಿ ಸಿಗರೇಟು ಇದಕ್ಕಿಂತ ಎಷ್ಟೋ ಪಾಲು ದೊಡ್ಡ ಕಾರಣ. ನೀರು ಮೂಸಿ ಪಕ್ಕಕ್ಕಿಟ್ಟು ಸಿಗರೇಟು ಹಚ್ಚುವವರು ಇದನ್ನು ಗಮನಿಸಬೇಕು! ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಲೋರೋಫಾರ್ಮನ್ನು ‘ಕ್ಯಾನ್ಸರ್ ತರಬಹುದಾದ’ ವಸ್ತುಗಳ ಸಾಲಿನಲ್ಲಿ ಇಟ್ಟಿದೆ, ‘ತರುವ’ ವಸ್ತುಗಳ ಸಾಲಿನಲ್ಲಿ ಅಲ್ಲ. ಗರ್ಭಿಣಿಯರ ವಿಷಯದಲ್ಲೂ ಅಧ್ಯಯನಗಳಾಗಿವೆ. ಕೆಲವು ‘ಹೌದು’ ಎಂದರೆ ಕೆಲವು ‘ಇಲ್ಲ’ ಎಂದಿವೆ. ಟಿಎಚ್ಎಂ ಭಯದಿಂದ ರೋಗಾಣು ಕೊಲ್ಲುವ ಕೆಲಸ ಸಡಿಲ ಬಿಡಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು.

ಒಂದು ದಶಕಗಳ ಅಪಾಯ, ಇನ್ನೊಂದು ದಿನಗಳ ಅಪಾಯ. ಎರಡನ್ನೂ ಒಟ್ಟಿಗೆ ತಗ್ಗಿಸುವ ದಾರಿ ಇದೆ: ಮೊದಲು ಕೊಳೆ ತೆಗೆಯುವುದು, ಆಮೇಲೆ ಬೇಕಾದಷ್ಟೇ ಕ್ಲೋರಿನ್ ಹಾಕುವುದು.

ಮೂಗು ಸುಳ್ಳು ಹೇಳುತ್ತದೆ

ಬ್ಲೀಚಿಂಗ್ ವಾಸನೆ ಜೋರಾಗಿದ್ದರೆ ಕ್ಯಾನ್ಸರ್ ಅಂಶ ಜಾಸ್ತಿ ಎಂದುಕೊಂಡವರೇ ಬಹಳ. ಇದು ತಪ್ಪು. ನಲ್ಲಿ ನೀರಿನಲ್ಲಿರುವಷ್ಟು ಟಿಎಚ್ಎಂಗೆ ಮೂಗಿಗೆ ಸಿಗುವಂಥ ವಾಸನೆ ಇಲ್ಲ. ಮೂಗಿಗೆ ಬಡಿಯುವುದು ಕ್ಲೋರಿನ್. ಈಗ ತಾನೇ ಕ್ಲೋರಿನ್ ಹಾಕಿದ ನೀರು ಘಾಟು ಹೊಡೆದರೂ ಅದರಲ್ಲಿ ಟಿಎಚ್ಎಂ ಕಡಿಮೆ ಇರಬಹುದು. ವಾಸನೆಯೆಲ್ಲ ಹೋದ, ಹಳೆಯ, ಬೆಚ್ಚನೆಯ ನೀರಿನಲ್ಲೇ ಹೆಚ್ಚಿರಬಹುದು.

ಇನ್ನೊಂದು ಸಂಗತಿ. ನೀರಿಗೆ ಚರಂಡಿ ಸೇರಿದರೆ ಅದರಲ್ಲಿನ ಅಮೋನಿಯಾ ಜೊತೆ ಕ್ಲೋರಿನ್ ಬೆರೆತು ಬೇರೆಯೇ ಒಂದು ಕಟು ವಾಸನೆ ಹುಟ್ಟುತ್ತದೆ. ದಿನ ಬಿಟ್ಟು ದಿನ ನೀರು ಬಿಡುವ ಕಡೆ ಖಾಲಿ ಕೊಳವೆ ಒಡಕಿನಿಂದ ಹೊರಗಿನ ಕೊಳಕನ್ನು ಒಳಗೆಳೆದುಕೊಳ್ಳುತ್ತದೆ. ಹಾಗಾಗಿ ವಾಸನೆ ಇದ್ದಕ್ಕಿದ್ದಂತೆ ಬದಲಾದರೆ, ಇಲ್ಲವೇ ದಿನವೂ ಇದ್ದ ಕ್ಲೋರಿನ್ ವಾಸನೆ ಪೂರ್ತಿ ಮಾಯವಾಗಿ ನೀರು ಮಬ್ಬಾದರೆ, ಆ ನೀರು ಕುಡಿಯಬಾರದು. ಕೂಡಲೇ ಜಲಮಂಡಲಿಯ 1916ಕ್ಕೆ ಫೋನ್ ಮಾಡಬೇಕು.

ಮೂಗಿಗಿಂತ ನಂಬಿಕೆಗೆ ಯೋಗ್ಯವಾದ ಸಾಕ್ಷಿ ಕ್ಲೋರಿನ್ ಕಿಟ್. ಚಿಕ್ಕ ಡಬ್ಬಿ, ನೀರಿಗೆ ಎರಡು ಹನಿ ಹಾಕಿದರೆ, ಇಲ್ಲವೇ ಮಾತ್ರೆ ಕರಗಿಸಿದರೆ, ಬಣ್ಣ ಬರುತ್ತದೆ. ಬಣ್ಣವನ್ನು ಡಬ್ಬಿಯ ಮೇಲಿನ ಅಳತೆಗೆ ಹೋಲಿಸಿ ನೋಡಿದರಾಯಿತು. ಮಾನಕದ ಪ್ರಕಾರ ಉಳಿಕೆ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂ ಇರಬೇಕು, 1 ಮಿಲಿಗ್ರಾಂ ದಾಟಬಾರದು. ಅಪಾರ್ಟ್‌ಮೆಂಟಿಗೆ ಒಂದು ಕಿಟ್ ಇದ್ದರೆ ಸಾಕು; ಬಸ್ ಸ್ಟಾಪಿನ ಅರ್ಧ ಜಗಳ ಅಲ್ಲೇ ಬಗೆಹರಿಯುತ್ತದೆ.

‘ಒಂದು ಹಿಡಿ’ ಎಂಬ ಅಳತೆ

ಕಾವೇರಿಯ ಹೊಣೆ ಜಲಮಂಡಲಿಯದು ಸರಿ. ಸಂಪಿನ ಹೊಣೆ ಯಾರದು? ಮನೆಯವರದೇ. ಎಷ್ಟೋ ಕಡೆ ಸಂಪಿನ ತಳದಲ್ಲಿ ವರ್ಷಗಳ ಕೆಸರು ಕೂತಿರುತ್ತದೆ. ಮೇಲಿಂದ ಮೂರು ಮೂಲದ ನೀರು ಬೀಳುತ್ತದೆ. ವಾಚ್‌ಮನ್ ತಿಂಗಳಿಗೊಮ್ಮೆ “ಒಂದು ಹಿಡಿ ಇರಲಿ” ಎಂದು ಬ್ಲೀಚಿಂಗ್ ಪೌಡರ್ ಎಸೆಯುತ್ತಾನೆ. ಕೆಸರೂ ಇದೆ, ಕ್ಲೋರಿನ್ನೂ ಇದೆ, ದಿನಗಟ್ಟಲೆ ಹೊತ್ತೂ ಇದೆ. ರೂಕ್ ಅವರು ರೋಟರ್‌ಡ್ಯಾಮಿನಲ್ಲಿ ಕಂಡದ್ದು ಇಲ್ಲೂ ತಯಾರಾಗಲು ಇನ್ನೇನು ಬೇಕು? ಕೆಸರು ಕ್ಲೋರಿನ್ನನ್ನು ನುಂಗಿಬಿಡುವುದರಿಂದ ರೋಗಾಣುವೂ ಸಾಯುವುದಿಲ್ಲ. ಎರಡೂ ಕಡೆಯಿಂದ ನಷ್ಟ.

ಸರಿಯಾದ ಅಳತೆ ಕಷ್ಟದ್ದಲ್ಲ. ಒಳ್ಳೆಯ ಬ್ಲೀಚಿಂಗ್ ಪೌಡರಿನಲ್ಲಿ ಮೂರನೇ ಒಂದು ಪಾಲು ಕ್ಲೋರಿನ್ ಇರುತ್ತದೆ. ತಿಳಿ ನೀರಾದರೆ 1,000 ಲೀಟರಿಗೆ 2.5 ಗ್ರಾಂ ಸಾಕು. 6,000 ಲೀಟರಿನ ಟ್ಯಾಂಕರಿಗೆ 15 ಗ್ರಾಂ. 12,000 ಲೀಟರಿಗೆ 30 ಗ್ರಾಂ. ದಿನಸಿ ಅಂಗಡಿಯ ತಕ್ಕಡಿಯಲ್ಲೇ ತೂಗಬಹುದು. ಪುಡಿಯನ್ನು ನೇರ ಸಂಪಿಗೆ ಎಸೆಯದೆ ಪ್ಲಾಸ್ಟಿಕ್ ಬಕೆಟಿನ ನೀರಿನಲ್ಲಿ ಕಲಸಬೇಕು. ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಸುರಿಯಬೇಕು. ಆಮೇಲೆ ಒಂದು ಗಂಟೆ ಬಿಡಬೇಕು. ಕಾವೇರಿ ನೀರಿಗೆ ಮೊದಲೇ ಕ್ಲೋರಿನ್ ಬಿದ್ದಿರುತ್ತದೆ, ಕಿಟ್ಟಿನಲ್ಲಿ 0.2 ತೋರಿಸಿದರೆ ಮತ್ತೆ ಹಾಕುವ ಅಗತ್ಯವೇ ಇಲ್ಲ.

ಅಂಗಡಿಯವರಿಗೂ ಒಂದು ಮಾತು. ಬಾಯಿ ತೆರೆದಿಟ್ಟ ಮೂಟೆಯ ಪೌಡರ್ ಗಾಳಿ, ತೇವ, ಬಿಸಿಲಿಗೆ ಶಕ್ತಿ ಕಳೆದುಕೊಳ್ಳುತ್ತದೆ. ಅದನ್ನು ಕೊಂಡವರು ಕ್ಲೋರಿನ್ ಹಾಕಿದೆವೆಂದು ನಂಬಿ ಬರೀ ಸುಣ್ಣ ಹಾಕಿರುತ್ತಾರೆ. ಗಾಳಿಯಾಡದ ಡಬ್ಬಿಯಲ್ಲಿ, ನೆರಳಿನಲ್ಲಿ ಇಡಬೇಕು. ಕಕ್ಕಸು ತೊಳೆಯುವ ಆಸಿಡ್ ಪಕ್ಕದಲ್ಲಂತೂ ಇಡಲೇಬಾರದು. ಎರಡೂ ಬೆರೆತರೆ ಉಸಿರುಗಟ್ಟಿಸುವ ವಿಷಗಾಳಿ ಏಳುತ್ತದೆ.

ಆರು ತಿಂಗಳಿಗೊಮ್ಮೆಯಾದರೂ ಸಂಪು ಖಾಲಿ ಮಾಡಿ ಕೆಸರು ತೆಗೆಸಬೇಕು. ತೊಳೆಯುವವರನ್ನು ಒಬ್ಬರೇ ಇಳಿಸಬಾರದು. ಮುಚ್ಚಳ ತೆರೆದು ಗಾಳಿಯಾಡಲು ಬಿಟ್ಟು, ಮೇಲೊಬ್ಬರು ನಿಂತಿರಬೇಕು. ಮುಚ್ಚಿದ ಸಂಪಿನಲ್ಲಿ ಉಸಿರುಗಟ್ಟಿ ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ಹೊಸದಲ್ಲ.

ಅಡುಗೆಮನೆಯಲ್ಲಿ ಏನು ಮಾಡಬಹುದು?

ಅಜ್ಜಿ ಹೇಳುತ್ತಿದ್ದ ಉಪಾಯವೇ ಮೊದಲನೆಯದು: ಕುದಿಸುವುದು. ಕ್ಲೋರೋಫಾರ್ಮ್ 61 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳ ತೆಗೆದು ನೀರನ್ನು ಕೆಲವು ನಿಮಿಷ ಕೊತಕೊತ ಕುದಿಸಿದರೆ ಟಿಎಚ್ಎಂನ ಹೆಚ್ಚಿನ ಪಾಲು ಹಾರಿಹೋಗುತ್ತದೆ, ರೋಗಾಣುವೂ ಸಾಯುತ್ತದೆ. ಹ್ಯಾಲೋಅಸಿಟಿಕ್ ಆಮ್ಲಗಳು ಮಾತ್ರ ಹಾಗೆ ಹಾರುವುದಿಲ್ಲ. ಕುದಿಸಿದ ನೀರಿನಲ್ಲಿ ಕ್ಲೋರಿನ್ ಕಾವಲೂ ಉಳಿಯುವುದಿಲ್ಲ. ಆದ್ದರಿಂದ ಆರಿದ ಮೇಲೆ ಮುಚ್ಚಿಡಬೇಕು, ಲೋಟ ಅದ್ದದೆ ಸೌಟಿನಲ್ಲೋ ನಲ್ಲಿಯಿಂದಲೋ ತೆಗೆಯಬೇಕು.

ಎರಡನೆಯದು ಇದ್ದಿಲು ಫಿಲ್ಟರ್. ಯಂತ್ರದ ಒಳಗಿನ ಕಾರ್ಬನ್ ಕ್ಲೋರಿನ್ನನ್ನೂ ಟಿಎಚ್ಎಂ ಅನ್ನೂ ಹಿಡಿದಿಡುತ್ತದೆ. ಆದರೆ ಅದಕ್ಕೂ ಹೊಟ್ಟೆ ತುಂಬುತ್ತದೆ. ಹೇಳಿದ ಅವಧಿಗೆ ಬದಲಾಯಿಸದಿದ್ದರೆ ಹಿಡಿಯುವುದನ್ನು ನಿಲ್ಲಿಸುತ್ತದೆ, ಒಳಗೆ ಕ್ರಿಮಿ ಬೆಳೆಯುತ್ತವೆ. ಯುವಿ ದೀಪ ರೋಗಾಣು ಕೊಲ್ಲುತ್ತದೆ, ಟಿಎಚ್ಎಂ ತೆಗೆಯುವುದಿಲ್ಲ. ಸಾವಿರಾರು ರೂಪಾಯಿ ಕೊಟ್ಟು ಯಂತ್ರ ತಂದು, ನೂರಾರು ರೂಪಾಯಿಯ ಕಾರ್ಬನ್ ಬದಲಾಯಿಸದೆ ಬಿಟ್ಟರೆ ಯಂತ್ರ ಗೋಡೆಗೆ ಅಲಂಕಾರವಷ್ಟೆ.

ತಾಮ್ರದ ಬಿಂದಿಗೆ? ಅದರಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಭೇದಿ ತರುವ ಕ್ರಿಮಿಗಳು ಸತ್ತವು ಎಂದು ಬೆಂಗಳೂರಿನ ಸಂಶೋಧಕರು ಸೇರಿದ್ದ ತಂಡ 2012ರಲ್ಲಿ ಪ್ರಕಟಿಸಿದೆ. ಆದರೆ ಅದು ರೋಗಾಣುವಿನ ಮಾತು. ಟಿಎಚ್ಎಂಗೆ ತಾಮ್ರದ ಔಷಧವಿಲ್ಲ.

ಬಚ್ಚಲಮನೆಯನ್ನೂ ಮರೆಯುವಂತಿಲ್ಲ. ಬಿಸಿನೀರು ಸುರಿದುಕೊಳ್ಳುವಾಗ ಟಿಎಚ್ಎಂ ಆವಿಯಾಗಿ ಮೂಗಿನಿಂದ ಒಳಹೋಗುತ್ತದೆ, ಚರ್ಮದಿಂದಲೂ ಸ್ವಲ್ಪ ಇಳಿಯುತ್ತದೆ. ಹೀಗೆ ಸೇರುವುದು ಕುಡಿಯುವುದರಿಂದ ಸೇರುವಷ್ಟೇ ಇರಬಹುದು ಎಂದು ಅಳೆದವರಿದ್ದಾರೆ. ಪರಿಹಾರಕ್ಕೆ ಕಾಸು ಖರ್ಚಿಲ್ಲ: ಕಿಟಕಿ ತೆರೆದಿಟ್ಟು ಸ್ನಾನ ಮಾಡುವುದು.

ಮಾಡಬಾರದ್ದು ಒಂದೇ: ಕ್ಲೋರಿನ್ ವಾಸನೆಗೆ ಹೆದರಿ ಬೋರ್ ನೀರನ್ನೋ ಟ್ಯಾಂಕರ್ ನೀರನ್ನೋ ಕುದಿಸದೆ, ಸೋಸದೆ ಹಾಗೇ ಕುಡಿಯುವುದು. ಚರಂಡಿ, ಸೆಪ್ಟಿಕ್ ಗುಂಡಿಗಳ ನಡುವೆ ಕೊರೆದ ಬೋರ್‌ವೆಲ್ಲಿನ ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ಶುದ್ಧವಲ್ಲ.

ಲೆಕ್ಕ ಕೇಳುವ ಹಕ್ಕು

ಮನೆಯವರು ಸಂಪು ತೊಳೆಸಬಹುದು, ನೀರು ಕುದಿಸಬಹುದು. ಪೈಪಿನಲ್ಲಿ ಬರುವ ನೀರಿನ ಟಿಎಚ್ಎಂ ಅಳೆಯುವುದು ಅವರ ಕೈಲಾಗುವ ಕೆಲಸವಲ್ಲ. ಅದಕ್ಕೆ ದುಬಾರಿ ಯಂತ್ರ, ತರಬೇತಿ ಪಡೆದ ಕೈ ಬೇಕು. ಕಿಟ್ಟಿನಲ್ಲಿ ಕ್ಲೋರಿನ್ ಕಾಣುತ್ತದೆ, ಟಿಎಚ್ಎಂ ಕಾಣುವುದಿಲ್ಲ. ಆದ್ದರಿಂದ ಇಲ್ಲಿ ಜಲಮಂಡಲಿಯನ್ನೇ ಕೇಳಬೇಕು.

ಕೇಳಬೇಕಾದ ಪ್ರಶ್ನೆ ನಾಲ್ಕೇ. ತೊರೆಕಾಡನಹಳ್ಳಿಯಿಂದ ಹೊರಡುವಾಗ ನೀರಿನಲ್ಲಿ ಟಿಎಚ್ಎಂ ಎಷ್ಟಿತ್ತು? ಚಿಕ್ಕಲಸಂದ್ರದಂಥ ಕೊನೆಯ ನಲ್ಲಿಗೆ ಬಂದಾಗ ಎಷ್ಟಾಯಿತು? ಬೇಸಿಗೆಯಲ್ಲಿ ಎಷ್ಟು, ಮಳೆಗಾಲದಲ್ಲಿ ನದಿ ಕೆಂಪಾದಾಗ ಎಷ್ಟು? ಬಡಾವಣೆಯ ನಲ್ಲಿಗಳಲ್ಲಿ ಉಳಿಕೆ ಕ್ಲೋರಿನ್ ಎಷ್ಟು ದಿನ ಸೊನ್ನೆ ಇತ್ತು? ಎರಡನೆಯ ಪ್ರಶ್ನೆ ಮುಖ್ಯ. ಟಿಎಚ್ಎಂ ದಾರಿಯಲ್ಲಿ ಬೆಳೆಯುತ್ತಾ ಬರುವುದರಿಂದ ಶುದ್ಧೀಕರಣ ಘಟಕದ ಬಾಗಿಲಲ್ಲಿ ಪಾಸಾದ ನೀರು ಮನೆ ಬಾಗಿಲಲ್ಲೂ ಪಾಸಾಗಿದೆ ಎನ್ನಲಾಗದು.

2005ರ ಮಾಹಿತಿ ಹಕ್ಕು ಕಾಯಿದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಯಾವ ನಾಗರಿಕರಾದರೂ ಇಷ್ಟನ್ನು ಕೇಳಬಹುದು. ಒಂದು ಕಾಫಿಯ ದುಡ್ಡು. ಕ್ಷೇಮಾಭಿವೃದ್ಧಿ ಸಂಘದವರೋ ವರ್ತಕರೋ ಒಟ್ಟಾಗಿ ಅರ್ಜಿ ಹಾಕಿದರೆ ಇನ್ನೂ ಒಳ್ಳೆಯದು. ಅಂಕಿ ಕಡಿಮೆ ಬಂದರೆ ಜನರ ಭಯ ಹೋಯಿತು, ಮಂಡಲಿಗೂ ಹೆಸರು. ಹೆಚ್ಚು ಬಂದರೆ ಪರಿಹಾರ ಗೊತ್ತಿರುವಂಥದೇ: ಕ್ಲೋರಿನ್ ಬೀಳುವ ಮೊದಲೇ ಆ ಎಲೆ ಕಷಾಯವನ್ನು ಇನ್ನಷ್ಟು ಚೆನ್ನಾಗಿ ಇಳಿಸಿ ಸೋಸುವುದು, ಒಂದೇ ಕಡೆ ಹೆಚ್ಚು ಸುರಿಯದೆ ದಾರಿಯಲ್ಲಿ ಅಲ್ಲಲ್ಲಿ ಸ್ವಲ್ಪ ಸ್ವಲ್ಪವೇ ಕ್ಲೋರಿನ್ ಕೊಡುವುದು, ನೀರು ನಿಂತು ಹಳಸುವ ಕೊನೆಯ ಕೊಳವೆಗಳನ್ನು ತೊಳೆಯುವುದು.

ನೀರಿನ ಬಿಲ್ಲು ತಿಂಗಳು ತಿಂಗಳೂ ತಪ್ಪದೆ ಬರುತ್ತದೆ. ಅದರಲ್ಲಿ ಎಷ್ಟು ಸಾವಿರ ಲೀಟರ್ ಬಳಸಿದಿರಿ, ಎಷ್ಟು ಬಾಕಿ ಇದೆ ಎಂದೆಲ್ಲ ಇರುತ್ತದೆ. ಅದೇ ಬಿಲ್ಲಿನ ಬೆನ್ನಿಗೆ ‘ಈ ಬಡಾವಣೆಯಲ್ಲಿ ಉಳಿಕೆ ಕ್ಲೋರಿನ್ ಇಷ್ಟು, ಟಿಎಚ್ಎಂ ಇಷ್ಟು, ಪರೀಕ್ಷೆ ಮಾಡಿದ ದಿನ ಇಂಥದು’ ಎಂದು ಎರಡು ಸಾಲು ಅಚ್ಚು ಹಾಕಿದರೆ ಮಂಡಲಿಗೆ ಆಗುವ ಖರ್ಚು ಎಷ್ಟು? ದುಡ್ಡು ಕೊಟ್ಟು ನೀರು ಕೊಳ್ಳುವ ಗಿರಾಕಿಗೆ ಸರಕಿನ ಗುಣ ತಿಳಿಯುವ ಹಕ್ಕು ಇಲ್ಲವೇ? ಒಂದು ಕೆ.ಜಿ. ಬೇಳೆಯ ಪೊಟ್ಟಣದ ಮೇಲೂ ತೂಕ, ತಾರೀಖು ಇರುತ್ತದಲ್ಲ!

ಆ ಎರಡು ಸಾಲು ಬರುವತನಕ ಚಿಕ್ಕಲಸಂದ್ರದ ಜನ ನೆನಪಿಡಬೇಕಾದ್ದು ಇಷ್ಟೇ. ನಲ್ಲಿಯಲ್ಲಿ ತುಸು ಬ್ಲೀಚಿಂಗ್ ವಾಸನೆ ಬಂದರೆ ಕಾವಲುಗಾರ ಎಚ್ಚರವಾಗಿದ್ದಾನೆ ಎಂದರ್ಥ. ಅವನನ್ನು ಓಡಿಸಬೇಡಿ. ಅವನ ಕಾಲ ಕೆಳಗಿನ ಕೆಸರನ್ನು ತೆಗೆಸಿ.